ಪಾಸಂಗ

ಬ್ಯಾಡಗಿ ಮಾರುಕಟ್ಟೆಯ ಹಿಂದಿನ ಗೇಟಿಗೆ ನನ್ನ ಅಂಗಡಿ.
ಬೋರ್ಡಿಲ್ಲ. ಸುಳ್ಳು ಹೇಳುವ ತಕ್ಕಡಿಗಳು
ತಾವೇ ಹುಡುಕಿಕೊಂಡು ಬರುತ್ತವೆ.
ಮೆಣಸಿನಕಾಯಿ ಘಾಟಿಗೆ ಸೀನಿದವರು ಹೊರಗಿನವರು,
ನಾವು ಇಲ್ಲಿಯವರು ಬರೀ ಕಣ್ಣೊರೆಸಿಕೊಳ್ಳುತ್ತೇವೆ.

ದಲಾಲಿ ಅಂಗಡಿಯ ಲೆಕ್ಕ ಮುಗಿಸಿ ಕೊಟ್ರಯ್ಯ ಬರುತ್ತಾನೆ,
ಕಿವಿಗೆ ಪೆನ್ನು, ಹಣೆಗೆ ಮೂರು ಗೆರೆ.
ಇಪ್ಪತ್ತೆರಡು ವರ್ಷದಿಂದ ಅದೇ ಜಗಳ.

‘ಅದಾನ.’
‘ತೋರಸು.’
‘ಇಲ್ಲ ಅನ್ನೂದನ್ನ ನೀ ತೋರಸು.’
‘ಹಂಗಾರ ಕೇಳು. ನಿನ್ನೆ ನಿಮ್ಮ ಅಂಗಡ್ಯಾಗ ಹತ್ತು ಚೀಲ ಇಳಿಸೇನಿ ನಾ.
ಇಳಿಸಿಲ್ಲ ಅಂತ ರುಜುವಾತು ಮಾಡು,
ಇಲ್ಲಾಂದ್ರ ರೊಕ್ಕ ಎಣಸು.’

ನಗುತ್ತಾನೆ. ಚಾಕ್ಕೆ ಹೇಳುತ್ತಾನೆ.
ರೊಕ್ಕ ಮಾತ್ರ ಎಣಿಸುವುದಿಲ್ಲ.

ಒಂದು ದಿನ ಅವನೂ ಬಿಡಲಿಲ್ಲ.
‘ನಂದು ಕಲ್ಲು ಅಂತ ನಗತಿ. ನಿಂದೂ ಕಲ್ಲ ಅಲ್ಲೇನು?
ಇದು ಕಿಲೋ ಅಂತ ನಿನಗ ಯಾರು ಹೇಳಿದ್ರು?’
ಸಾಹೇಬರು. ವರ್ಷಕ್ಕೊಮ್ಮೆ ಬಂದು ಮುದ್ರೆ ಒತ್ತುತ್ತಾರೆ.
‘ಸಾಹೇಬರ ಕಲ್ಲು?’
ಬೆಂಗಳೂರಿನದಕ್ಕೆ ಹಚ್ಚಿ ನೋಡುತ್ತಾರೆ.
‘ಅದು?’ ದಿಲ್ಲಿಯದಕ್ಕೆ.
‘ದಿಲ್ಲೀದು?’
ಸಮುದ್ರದಾಚೆ, ಗಾಜಿನ ಗಂಟೆಯೊಳಗೆ ಒಂದಿತ್ತಂತೆ.
ಈಗ ಅದನ್ನೂ ಬಿಟ್ಟು ಬರೀ ಒಂದು ಅಂಕಿ ನಂಬಿದ್ದಾರಂತೆ.
‘ನೋಡಿದಿ?’
ಇಲ್ಲ.
‘ಮತ್ತ?’ ಅಂದ, ಬಶಿಯೊಳಗಿನ ಚಾ ಊದುತ್ತ.

ಉತ್ತರ ಹೊಳೆದದ್ದು ರಾತ್ರಿ, ಹಾಸಿಗೆಯಲ್ಲಿ, ಎಂದಿನಂತೆ ತಡವಾಗಿ.
ನನ್ನ ಕಲ್ಲು ತಪ್ಪಿದ್ದರೆ ಯಾರೂ ಹಿಡಿಯಬಹುದು,
ಅರ್ಧ ಚೀಲ ಕಾಯಿ ತಂದ ಮುದುಕಿಯೂ.
ಹಿಡಿದರೆ ನನಗೆ ದಂಡ.
ನಿನ್ನವನ ತಪ್ಪು ಹಿಡಿಯುವುದು ಹೇಗೆ, ಕೊಟ್ರಯ್ಯ?
ರೇಟು ಏರಿದರೆ ಕೃಪೆ, ಇಳಿದರೆ ಪರೀಕ್ಷೆ.
ಏನಿಟ್ಟರೂ ಮುಳ್ಳು ಅಲ್ಲಾಡದ ತಕ್ಕಡಿಯನ್ನು
ನಾವು ಗುಜರಿಗೆ ಹಾಕುತ್ತೇವೆ.

ಬೆಳಗಾದ ಮೇಲೆ ಹೇಳಿದೆ.
‘ನಿದ್ದಿ ಬಂದಿಲ್ಲ ಹಂಗಾರ’ ಅಂದ.

ಹಮಾಲಿ ಗುಡ್ಡಪ್ಪ ಬೆನ್ನ ಮೇಲೆ ಚೀಲ ಹೊತ್ತೇ ನಿಂತಿದ್ದ:
‘ರುಜುವಾತಿನ ಭಾರ ಯಾರ ಮ್ಯಾಲ ಅಂತ ಆಮ್ಯಾಲೆ ಬಡದಾಡ್ರಿ.
ಇದನ್ನ ಎಲ್ಲಿ ಇಳಸ್ಲಿ?’

ಮಾಘದಲ್ಲಿ ಕೊಟ್ರಯ್ಯನ ಹೆಂಡತಿ ಹುಬ್ಬಳ್ಳಿ ಆಸ್ಪತ್ರೆ ಸೇರಿದಳು.
ಶಟರು ಅರ್ಧ ಎಳೆದ ಹೊತ್ತಿಗೆ ಬಂದ.
ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ
ಎಡಗೈಯಲ್ಲಿ ಹಿಡಿದುಕೊಂಡ.
ಬೆಳ್ಳಿಯನ್ನು ನನ್ನ ಕಡೆ ಸರಿಸಿದ.
‘ಪತ್ತಾರ ಕಡಿಮಿ ತೂಗ್ತಾನ. ನೀ ತೂಗಿ ಚೀಟಿ ಬರದು ಕೊಡು.’

ಸಣ್ಣ ತಕ್ಕಡಿ ತೆಗೆದೆ, ಅಪ್ಪನ ಕಾಲದ್ದು.
ಅದರ ಒಂದು ತಟ್ಟೆ ಮೊದಲಿಂದಲೂ ಕೂದಲೆಳೆಯಷ್ಟು ಹಗುರ,
ಪಾಸಂಗಕ್ಕೆ ಅಪ್ಪ ತಾಮ್ರದ ತಂತಿ ಒಂದು ಸುತ್ತು ಕಟ್ಟಿದ್ದ.
ತೂಗುವ ಮೊದಲು ತಕ್ಕಡಿಯನ್ನೇ ಸಮ ಮಾಡಬೇಕಲ್ಲ,
ಏನಾದರೊಂದು ಕಟ್ಟಬೇಕಲ್ಲ.
ಅಪ್ಪ ಅದನ್ನು ಯಾವ ಕಲ್ಲಿಗೆ ಹಚ್ಚಿ ನೋಡಿದ್ದನೋ,
ನಾನು ಕೇಳಿರಲಿಲ್ಲ.

ನೂರಾ ಹನ್ನೆರಡು ಗ್ರಾಂ.
ಬರೆದೆ, ಸಹಿ ಹಾಕಿದೆ, ಅಂಗಡಿಯ ಶಿಕ್ಕೆ ಒತ್ತಿದೆ.
ಅವನ ಎಡಗೈ ಮುಚ್ಚಿಯೇ ಇತ್ತು.
ಫ್ಯಾನು ನಿಲ್ಲಿಸಿದ್ದೆ, ಆದರೂ ಮುಳ್ಳು ಬಹಳ ಹೊತ್ತು ನಡುಗಿತು.
‘ತೋರಸು’ ಅನ್ನುವ ಮಾತು
ಆವತ್ತು ನನ್ನ ಬಾಯಿಗೆ ಬರಲಿಲ್ಲ.
ಇದನ್ನು ಅವನಿಗೆ ಹೇಳಿಲ್ಲ. ಹೇಳಿದರೆ ಗೆದ್ದೆ ಅನ್ನುತ್ತಾನೆ.

ಇಪ್ಪತ್ತು ದಿನದ ಮೇಲೆ ಬಂದ, ಕೊರಳಲ್ಲಿ ವಸ್ತ್ರದ ಗಂಟು.
ಹೆಂಡತಿ ಮನೆಗೆ ಬಂದಿದ್ದಳು, ಗಂಜಿ ಕುಡಿಯುತ್ತಿದ್ದಳು.
‘ನೋಡಿದಿ? ಉಳಿಸಿದ.’
‘ಡಾಕ್ಟರ.’
‘ಡಾಕ್ಟರನ ಕೈಗೆ ಗುಣ ಕೊಟ್ಟಾಂವ ಯಾರು?’
‘ತೋರಸು.’

ಚಾಕ್ಕೆ ಹೇಳಿದ. ಗುಡ್ಡಪ್ಪ ಚೀಲ ಇಳಿಸಿ
ಅದರ ಮೇಲೆಯೇ ಕೂತ.
ಮೂರು ಚಾ. ರೊಕ್ಕ ನಾನು ಎಣಿಸಿದೆ.