ಒಂದನೇ ಗೇರಿನ ಹಲ್ಲು

ಹಾಯ್ಕ್ ಊರಿನ ಹೊಳೆಯಂಚಿನ ನಮ್ಮ ಶೆಡ್ಡಿಗೆ
ಮಾರ್ಚಿ ತಿಂಗಳ ಒಂದು ಮಂಗಳವಾರ
ಇಷ್ಬೆಲ್ ರದರ್ಫರ್ಡ್ ತಾನೇ ಓಡಿಸಿಕೊಂಡು ಬಂದಳು,
ಅರವತ್ತನಾಲ್ಕರ ಹಸಿರು ಎಂ.ಜಿ.
ಟಾಪು ಬಿಚ್ಚಿತ್ತು. ಆಲಿಕಲ್ಲು ಬೀಳುತ್ತಿತ್ತು.
"ಸ್ಕಾಟ್‌ಲೆಂಡಿನ ಗುಡ್ಡ ತಗ್ಗಿಲ್ಲ, ನನ್ನ ಮಣಿಕಟ್ಟು ತಗ್ಗಿದೆ.
ಇದಕ್ಕೆ ಬೇರೆ ಡಬ್ಬ ಹಾಕಿಕೊಡು."

ಡಬ್ಬ ಎಂದರೆ ಗೇರ್‌ಬಾಕ್ಸು.
ಹಳೆಯದರಲ್ಲಿ ಒಂದನೇ ಗೇರು ಮಹಾ ಮಾನಿಷ್ಠ,
ಗಾಡಿ ಪೂರ್ತಿ ನಿಲ್ಲದೆ ಒಳಗೆ ಬಿಟ್ಟುಕೊಳ್ಳದು.
ಅರೆನಿಂತು ಅವಸರದಲ್ಲಿ ದೂಡಿದಿರೋ
ಕಲ್ಲು ಕಡಿದಂತೆ ಕರಕರ,
ಬೀದಿಗೆ ಬೀದಿಯೇ ತಿರುಗಿ ನೋಡುವುದು.
ಮೂವತ್ತೊಂದು ವರ್ಷ ಸರ್ಕಾರಿ ಸೂಲಗಿತ್ತಿ ಇವಳು
ಹಿಮದ ರಾತ್ರಿಗಳಲ್ಲಿ ಇದೇ ಗಾಡಿ ಹತ್ತಿ
ಕುರಿಹಟ್ಟಿಗಳ ಗೇಟು ಗೇಟಿಗೂ ನಿಂತು, ಇಳಿದು, ತೆರೆದು, ಹತ್ತಿ,
ಮತ್ತೆ ಒಂದನೇ ಗೇರು.
ಹೆರಿಗೆ ಕಾಯುವುದಿಲ್ಲ, ಗೇರು ಕಾಯಿಸುತ್ತಿತ್ತು.
ಹಾಗಾಗಿ ಕಲಿತಳು ಕ್ಲಚ್ಚು ಎರಡು ಸಲ ತುಳಿಯುವುದನ್ನು:
ತುಳಿ, ಬಿಡು, ಎಂಜಿನ್ನಿಗೆ ಒಂದು ಗುಟುಕು ಪೆಟ್ರೋಲು,
ತುಳಿ, ಹಾಕು.
ತಾಯಂದಿರಿಗೂ ಇದೇ ಲಯದಲ್ಲಿ
ಉಸಿರು ಹೇಳಿಕೊಡುತ್ತಿದ್ದಳಂತೆ.

ಹೊಸ ಡಬ್ಬ ಎಂದರೂ ಎಪ್ಪತ್ತೈದರದು.
ಗ್ಯಾಲಶೀಲ್ಸಿನ ಗುಜರಿಯಲ್ಲಿ
ಮೂತಿ ಜಜ್ಜಿಹೋದ ಕಿತ್ತಳೆ ಗಾಡಿಯ ಹೊಟ್ಟೆಯಿಂದ ಕಿತ್ತು ತಂದದ್ದು.
ನಾಲ್ಕಕ್ಕೂ ಸಿಂಕ್ರೋ, ಬಾಲಕ್ಕೆ ಓವರ್‌ಡ್ರೈವು.
"ಒಂದೇ ವಂಶ ತಾನೇ, ಸಲೀಸಾಗಿ ಕೂರುತ್ತೆ,"
ಎಂದ ಕೆಲಸ ಕಲಿಯುವ ಹುಡುಗ ಸ್ಟ್ರೂವನ್.
ದಾಯಾದಿಗಳ ಜಗಳ ನೋಡಿಲ್ಲ ಅವನು.

ಎಂಜಿನ್ನಿನ ಬೆನ್ನಹಲಗೆ ಬೇರೆ. ಫ್ಲೈವೀಲು ಬೇರೆ.
ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟು
ಒಂದಂಗುಲ ಹೆಚ್ಚೋ ಕಡಿಮೆಯೋ,
ಇಬ್ಬರೂ ಅಳೆದು ಎರಡು ಉತ್ತರ ಪಡೆದೆವು.
ಜಾಕಿಟ್ಟು ಕೆಳಗಿನಿಂದ ಎತ್ತಿದರೆ
ಸುರಂಗದ ತಗಡಿಗೆ ಡಬ್ಬದ ಹೆಗಲು ತಾಗಿ ನಿಂತಿತು.
ಕಡಲೆ ಇದೆ, ಹಲ್ಲೂ ಇವೆ,
ಬಾಯಿಯೇ ಚಿಕ್ಕದು.

ಕೊಯ್ಯಬೇಕು, ಎಂದೆ ಫೋನಿನಲ್ಲಿ.
ಆಚೆ ಕೆಟಲು ಕೂಗಿ ಸುಮ್ಮನಾಗುವಷ್ಟು ಹೊತ್ತು ಮಾತಿಲ್ಲ.
"ಎಷ್ಟು?"
"ಎರಡೂ ಬದಿ, ಅಂಗೈ ಅಗಲ."
"ನೆಟ್ಟಗೆ ಕೊಯ್ಯಿ. ಹೊಲಿಗೆ ನಾನೇ ಬಂದು ನೋಡುತ್ತೇನೆ."

ಕಾರ್ಪೆಟ್ಟಿನಡಿ ಸಿಕ್ಕಿದ್ದು:
ಮಕ್ಕಳ ಬಟ್ಟೆಯ ಪಿನ್ನು ಏಳು, ಅರ್ಧ ಪೆನ್ನಿ ಒಂದು,
ತಗಡಿಗೆ ಅಂಟಿಹೋದ ಪೆಪ್ಪರ್‌ಮಿಂಟು.

ಬಂದಳು. ವೆಲ್ಡಿಂಗಿನ ಗುಂಟ ಹೆಬ್ಬೆರಳು ಎಳೆದಳು, ಕನ್ನಡಕ ಏರಿಸಿ.
"ಗುರುತು ಉಳಿಯುತ್ತೆ," ಎಂದಳು. "ಉಳಿಯಲಿ."

ಆಮೇಲೆ ಎರಡು ರಾತ್ರಿ ನಾವು ಬೆನ್ನ ಮೇಲೆ ಮಲಗಿದೆವು.
ಡಬ್ಬದ ಮೂಗು ಕ್ಲಚ್ಚಿನ ನಡುವೆ ತೂರಬೇಕು,
ಕೂದಲೆಳೆ ಆಚೀಚೆಯಾದರೂ ಒಲ್ಲೆ ಎನ್ನುವುದು.
ಬೈದೆವು, ರಮಿಸಿದೆವು, ಚಹಾ ಕುಡಿದು ಮತ್ತೆ ಬೈದೆವು.
ಹನ್ನೊಂದನೆಯ ಸಲವೋ ಏನೋ,
ಸ್ಟ್ರೂವನ್ ಸೀನಿದ,
ಟಪ್ಪೆಂದು ಕೂತಿತು.

ಮೋಸ್‌ಪಾಲ್ ಏರಿನಲ್ಲಿ ಪರೀಕ್ಷೆ. ಪಕ್ಕದಲ್ಲಿ ನಾನು.
ಮುಂದೆ ಕುರಿ ತುಂಬಿದ ಲಾರಿ ತೆವಳುತ್ತಿತ್ತು,
ಇವಳು ನಿಲ್ಲಿಸದೆಯೇ ಲಿವರನ್ನು ಒಂದಕ್ಕೆ ಎಳೆದಳು.
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅನ್ನುತ್ತಾರಲ್ಲ,
ಇದು ಕೂದಲು ಹಾಕಿದ ಹಾಗೆ.
ಆದರೆ ಎಡಗಾಲು ಎರಡು ಸಲ ತುಳಿದಿತ್ತು.
"ಇನ್ನು ಒಂದೇ ಸಾಕು," ಎಂದೆ.
"ಕಾಲಿಗೆ ಹೇಳು, ನನಗೇಕೆ ಹೇಳುತ್ತೀ?"
ಸ್ಪೀಡೋಮೀಟರು ಸುಳ್ಳು ಹೇಳುತ್ತಿತ್ತು,
ಅದಕ್ಕೂ ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ಶನಿವಾರ ಹಳೆಯ ಡಬ್ಬದ ಮುಚ್ಚಳ ಬಿಚ್ಚಿದೆ,
ಕಪ್ಪು ಎಣ್ಣೆ ಬಸಿದು, ಸೀಮೆಎಣ್ಣೆಯಲ್ಲಿ ತೊಳೆದು
ಒಂದನೇ ಗೇರನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ಸವೆದು ಮೊಂಡಾಗಿರಬೇಕಿತ್ತು.
ತಿರುಗಿಸುತ್ತ ಎಣಿಸಿದರೆ
ಮೂಲೆ ಮುರಿದ ಹಲ್ಲು ಮೂರೇ.
ಅಷ್ಟು ಹಿಮ, ಅಷ್ಟು ಗೇಟು, ಅಷ್ಟು ಅವಸರದ ಕತ್ತಲಿಗೆ
ಮೂರೇ.

ಫೋನು ಮಾಡಿ ಹೇಳಿದೆ.
"ಎರಡು," ಎಂದಳು ಥಟ್ಟನೆ.
"ಮೂರನೆಯದು ನನ್ನ ತಂಗಿ ಮೈರಿಯದು.
ಪೀಬಲ್ಸಿನ ಸೇತುವೆ ಮೇಲೆ, ಎಪ್ಪತ್ತೊಂದರಲ್ಲಿ.
ಇವತ್ತಿಗೂ ಒಪ್ಪಿಕೊಂಡಿಲ್ಲ ಅವಳು.
ಆ ಗೇರು ಎಸೆಯಬೇಡ."