ವಿನೀರು

ಬಂದರಿನ ಮರದ ಮಿಲ್ಲಿನ ಬೆನ್ನಿಗೆ
ಪೀತಾಂಬರ ಆಚಾರಿಯವರ ಶೆಡ್ಡು.
ಒಳಗೆ ಅಂಟಿನ ಹುಳಿವಾಸನೆ,
ಹೊಳೆಕಡೆಯಿಂದ ಒಣಮೀನಿನದು,
ಎರಡಕ್ಕೂ ನಡುವೆ ಗೋಡೆಯಿಲ್ಲ.
ಎದುರಿನ ಪ್ಲೈವುಡ್ ಅಂಗಡಿಯ ಲೆಕ್ಕದವಳು ನಾನು,
ಬಿಲ್ಲು ಕೊಡಲು ಬಂದು ನಿಂತುಬಿಡುತ್ತೇನೆ.

ತೇಗದ ಚರ್ಮ, ಉಗುರಿಗಿಂತ ತೆಳು,
ಬಿಸಿಲಿಗೆ ಹಿಡಿದರೆ ಆಚೆ ಅವರ ಬೆರಳು ಕಾಣುತ್ತದೆ.
ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ
ಒತ್ತುತ್ತಾರೆ, ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕಿದ ಹಾಗೆ.
ಅಡಿಯಲ್ಲಿರುವುದು ಯಾವ ಮರವೋ,
ಬೆಂಕಿಪೆಟ್ಟಿಗೆಯ ಜಾತಿಯದು.

"ಒಳಗೂ ತೇಗವೇ ಅಲ್ವಾ ಆಚಾರ್ರೆ?"
ಕಪಾಟು ಹೇಳಿಹೋದ ಸೆವ್ರಿನ್ ಬಾಯಮ್ಮ ಕೇಳಿದ್ದರು.
"ಹೊರಗೆ ತೇಗ ಉಂಟು ಬಾಯಮ್ಮ."
ಪೆನ್ಸಿಲು ಕಿವಿಗೆ ಹೋಯಿತು.
ಸುಳ್ಳೇನಲ್ಲ.

ನಿನ್ನೆ ರಾತ್ರಿ ತಂಗಿಯ ನಿಘಂಟಿನಲ್ಲಿ ಹುಡುಕಿದೆ.
ವಿನೀರು: ಹಲಗೆಯ ಮೇಲಿನ ತೆಳು ಹೊದಿಕೆ.
ಎರಡನೆಯದು: ಹುಸಿತೋರಿಕೆ,
ಒರಟು ಮುಚ್ಚಲು ಬಳಿದ ನಯ.
ಅದರ ಕೆಳಗೆ ಇರುವೆಸಾಲಿನಂಥ ಅಕ್ಷರದಲ್ಲಿ ಊರುಕೇರಿ:
ಇಂಗ್ಲಿಷಿಗೆ ಬಂದದ್ದು ಜರ್ಮನಿಯಿಂದ
(ನಮಗೆ ಹಂಚು ಸುಡಲು ಕಲಿಸಿದವರು
ಅವರಿಗೆ ಈ ಶಬ್ದ ಕೊಟ್ಟಿದ್ದರು),
ಜರ್ಮನಿಗೆ ಫ್ರಾನ್ಸಿನಿಂದ,
ಅಲ್ಲಿ ಇದರ ಅರ್ಥ ಇಷ್ಟೇ:
ಒದಗಿಸು.

ಫರ್ನಿಚರು ಇದರದೇ ಒಡಹುಟ್ಟು.
ಅದಕ್ಕೆ ಯಾರೂ ಬೈಯಲಿಲ್ಲ.

ಕೊಡುವ ಕೈ ಯಾವ ದಾರಿಯಲ್ಲಿ
ಮುಚ್ಚುವ ಕೈಯಾಯಿತು ಆಚಾರ್ರೆ, ಕೇಳಿದೆ.
ಒತ್ತುವುದು ನಿಲ್ಲಿಸಲಿಲ್ಲ.
"ಒಂದು ಮರ ಸುಲಿದರೆ ನೂರು ಮನೆಗೆ ತೇಗ.
ಇಡೀ ಹಲಗೆಯೇ ಬೇಕೆಂದರೆ ಎರಡು ಮನೆ.
ಉಳಿದವರು ಎಂತ ಮಾಡುವುದು?"

ಮಿಲ್ಲಿನ ಗರಗಸ ಒಮ್ಮೆ ಕಿರುಚಿ ನಿಂತಿತು.
ಆಮೇಲೆ, ಹಲಗೆಗೇ ಹೇಳಿದ ಹಾಗೆ:
"ನಮ್ಮವಳಿಗೆ ನಾನು ಗ್ಯಾಸ್ಟ್ರಿಕ್ ಎಂದೇ ಹೇಳಿದ್ದು.
ಅತ್ತಾವರದ ಆಸ್ಪತ್ರೆಯಲ್ಲಿ, ಮೂರು ತಿಂಗಳು.
ಹೌದಾ, ಹಾಗಾದರೆ ಗಂಜಿ ಸಾಕು, ಅಂತಿದ್ದಳು.
ಹೋದ ಮೇಲೆ ದಿಂಬಿನಡಿ ರಿಪೋರ್ಟು ಸಿಕ್ಕಿತು,
ಅವಳೇ ಮಡಚಿಟ್ಟದ್ದು."

ನಾನು ಬಿಲ್ಲನ್ನು ಮಡಚಿದೆ, ಬಿಡಿಸಿದೆ.
ಯಾರು ಯಾರಿಗೆ ಒದಗಿಸಿದರು, ಕೇಳಲಿಲ್ಲ.

ಅವರು ಹಲಗೆಗೆ ಕಿವಿಯಿಟ್ಟು
ಬೆರಳ ಗೆಣ್ಣಿನಿಂದ ತಟ್ಟುತ್ತ ಬಂದರು.
ಟಕ್. ಟಕ್. ಟಕ್.
ಟೊಳ್.
ಬಲಮೂಲೆಯಲ್ಲಿ ಗಾಳಿ ಉಳಿದಿದೆ.
ಬ್ಲೇಡಿನಿಂದ ಕೂದಲಿನಷ್ಟು ಸೀಳಿ
ಡಬ್ಬಿಯಿಂದ ಹಳೆಯ ಸಿರಿಂಜು ತೆಗೆದರು,
ಅಂಟು ಎಳೆದುಕೊಂಡು, ಉಸಿರು ಹಿಡಿದು,
ಚರ್ಮದಡಿಗೆ
ಮೆಲ್ಲಗೆ, ನೋಯದ ಹಾಗೆ.