ಸೋಮವಾರದ ಸೊನ್ನಿ

ಸೋಮವಾರ ಹನ್ನೊಂದರೊಳಗ ವರದಿ ಮ್ಯಾಲೆ ಹೋಗಬೇಕು.
ಏನೂ ಇಲ್ಲಂದ್ರೂ ಹೋಗಬೇಕು.
ಇಲ್ಲ ಅನ್ನೋದೂ ಒಂದು ವರದಿ, ಅದಕ್ಕೂ ಒಂದು ಸಹಿ.
ಶಿರಹಟ್ಟಿ, ತಾಲೂಕ ಆರೋಗ್ಯ ಕಚೇರಿ, ಹಿಂದಿನ ಕೋಣಿ.
ಈ ಕೀಲಿಮಣಿ ಮುಂದ ಕುಂತು ಏಳು ವರ್ಷಾತು,
ಸೊನ್ನಿ ಗುಂಡಿಯ ಬಿಳಿ ಬಣ್ಣ ಸವದು ಹೋಗೇತಿ.

ಗಂಟಲಮಾರಿ ೦
ನಾಯಿಕೆಮ್ಮು ೦
ದಡಾರ ೦
ಹಸುಗೂಸಿನ ಧನುರ್ವಾಯು ೦

ಇಲ್ಲಿಂದ ಗದಗ, ಗದಗಿಂದ ಬೆಂಗಳೂರು, ಅಲ್ಲಿಂದ ದಿಲ್ಲಿ.
ಭಾರ ಇಲ್ಲದ ಸರಕು,
ಯಾವ ನಾಕಾದಾಗೂ ತಡಿಯೋರಿಲ್ಲ.

ಆ ವಾರ ಒಂದು ಬಂತು.

ನೀಲಗಂಗಾ ಸಿಸ್ಟರ್ ಫೋನಿನ್ಯಾಗ
ರೋಗಕ್ಕಿಂತ ಮೊದಲು ಹೆಸರು ಹೇಳಿದ್ಲು:
ಸೋಮಲಿ. ನಾಕು ವರ್ಷ. ತಾಂಡಾದ ಠಾಕ್ರಪ್ಪನ ಮಗಳು.
"ಗಂಟಲದಾಗ ಬೂದಿ ಬಣ್ಣದ ಪರದೆ ಕಟ್ಟಿತ್ರಿ,
ಹಳೇ ಗ್ವಾಡಿ ಮ್ಯಾಲಿನ ಜ್ಯಾಡರ ಬಲಿ ಇದ್ಹಂಗ."
ವಾಸ್ಕೋದಾಗ ಅವ್ವ ಅಪ್ಪ ಕಾಂಕ್ರೀಟ್ ಹೊರೋವಾಗ
ಕುತ್ತಿಗಿ ಬಾತಿತ್ತಂತ.
ರಾತ್ರಿ ಬಸ್ಸಿಗೆ ಊರು, ಊರಿಂದ ಗದಗ,
ಗದಗಿಂದ ಹುಬ್ಬಳ್ಳಿ ದೊಡ್ಡ ದವಾಖಾನಿ.
ಇಂಜೆಕ್ಷನ್ ಹುಡುಕೋದ್ರಾಗ ಬೆಳಕು ಹರೀತು.

ನಾನು ೧ ಒತ್ತಿದೆ.

ಅರ್ಧ ತಾಸಿನ್ಯಾಗ ಫೋನು.
"ಏನ್ರಿ ಇದು? ಗೋವಾದಾಗ ಹತ್ತಿದ್ದು ನಮ್ಮ ಲೆಕ್ಕಕ್ಕ ಯಾಕ?"
ಗೋವಾದವರು ಅಂದ್ರಂತ: ಖಾಯಂ ವಿಳಾಸ ಕರ್ನಾಟಕ.
ಹುಬ್ಬಳ್ಳಿಯವರು: ನಮ್ಮಲ್ಲಿ ಇದ್ದದ್ದ ಮೂರು ತಾಸು.
ಲ್ಯಾಬಿನವರು: ಸ್ವಾಬ್ ಬಂದಾಗ ಐಸ್ ಕರಗಿತ್ತು.
ಉಸಿರಿದ್ದಾಗ ಅವ್ವ ಒಬ್ಬಾಕೀನ ಹೊತ್ತು ತಿರುಗಿದ ಕೂಸು,
ಈಗ ಇಷ್ಟು ಮಂದಿ ಕೈ ಬದಲಿಸಿದ್ರೂ
ಯಾರೂ ಬಗಲಾಗ ಎತ್ತಿಕೊಳ್ಳವಲ್ರು.

ಸಿಟ್ಟಿಗೆ ಆ ಚೌಕದಾಗ
ಸೋಮಲಿ ಅಂತ ಟೈಪ್ ಮಾಡಿದೆ.
ಚೌಕ ಕೆಂಪಾತು:
ಅಂಕಿಗಳನ್ನು ಮಾತ್ರ ನಮೂದಿಸಿ.

ನಮೂದಿಸಿದೆ.
ಯಾವುದು ಅಂತ ಕೇಳಬ್ಯಾಡ್ರಿ.
ನನ್ನದೂ ಗುತ್ತಿಗಿ ನೌಕರಿ, ಮಾರ್ಚಿಗೆ ಮುಗೀತೈತಿ.

ಗುರುವಾರ ನೀಲಗಂಗಾ ಲಸಿಕಿ ಡಬ್ಬಿ ಹೆಗಲಿಗೆ ಹಾಕ್ಕೊಂಡು
ತಾಂಡಾಕ್ಕ ಹೋದ್ಲು.
ಹಿಂದಿನ ಸಲ ಸೂಜಿ ಅಂದ್ರ ಜ್ವಾಳದ ಹೊಲಕ್ಕ ಓಡಿದ ಹುಡುಗೂರನ್ನ
ಸೋಮಲಿಯ ಅವ್ವ ಕೇಮವ್ವನ
ಒಂದೊಂದೂ ರಟ್ಟಿ ಹಿಡಿದು ಎಳಕೊಂಡು ಬಂದು ಕೂಡಿಸಿದ್ಲಂತ.
ಒಂದು ಮಾತಾಡಲಿಲ್ಲಂತ.
ಅಳೋ ಮಕ್ಕಳ ಬಾಯಿ ತೆರೆದಾಗ ಮಾತ್ರ
ಬಗ್ಗಿ ಬಗ್ಗಿ ಒಳಗ ನೋಡತಿದ್ಲಂತ.

೧೨ ಒತ್ತಿದೆ. ಚೌಕ ಹಸಿರಾತು.
ಗ್ರೂಪಿನ್ಯಾಗ ಸಾಹೇಬರು ಹೆಬ್ಬೆರಳು ಎತ್ತಿದ್ರು.
ಹನ್ನೆರಡೂ ಒಮ್ಮೆಲೇ ಯಾಕ ಬಂದ್ರು ಅಂತ
ಬರಿಯಾಕ ಕಾಲಂ ಇಲ್ಲ.

ಇವತ್ತ ಮತ್ತ ಸೋಮವಾರ.
ಕರೆಂಟ್ ಹೋತು. ಯುಪಿಎಸ್ ಕುಂಯ್ ಕುಂಯ್ ಅನ್ನಾಕ ಹತ್ತೇತಿ.
ಗಂಟಲಮಾರಿ ಮುಂದ ಕರ್ಸರ್ ಮಿಣಕತೈತಿ.
ಹನ್ನೊಂದಕ್ಕ ಇನ್ನ ಎಂಟು ನಿಮಿಷ.